ಎಡಗಡೆ ಸ್ಟೇರಿಂಗಿನ ಗಾಡಿ

ಆಗಸ್ಟ್ 10, ಭಾನುವಾರ

ಇವತ್ತು ಭದ್ರಾವತಿಗೆ ಹೋಗಿ ಒಂದು ಕಾರು ತಗೊಂಡೆ. ಓಡೋ ಕಾರಲ್ಲ. ಐವತ್ತಾರು ವರ್ಷದ ಹೆಂಗಸು, ಡ್ರೈವಿಂಗ್ ಸ್ಕೂಲು ಬಾಗಿಲು ಹಾಕಿ ಏಳು ತಿಂಗಳಿಂದ ಮನೇಲಿ ಕೂತೋಳು, ಇಲಿ ಗೂಡು ಕಟ್ಟಿರೋ ಇಟಲಿ ಗಾಡಿ ತಗೊಂಡ್ಳು ಅಂದ್ರೆ ಜನ ಏನಂತಾರೆ ಅಂತ ನನಗೂ ಗೊತ್ತು. ಅನ್ಲಿ. ಸ್ಕೂಲಿನ ಎರಡು ಕಾರು ಮಾರಿದ ದುಡ್ಡು ಬ್ಯಾಂಕಲ್ಲಿ ಕೂತು ನನ್ನನ್ನೇ ದಿಟ್ಟಿಸಿ ನೋಡ್ತಿತ್ತು. ಕೈಗೊಂದು ಕೆಲಸ ಬೇಕಿತ್ತು, ಅಷ್ಟೇ.

ಮಾರಿದವರು ಯಜ್ಞನಾರಾಯಣ ಅಂತ, ನ್ಯೂಟೌನಿನವರು. ಅವರ ತಂದೆ ಅಲ್ಲಿನ ಉಕ್ಕಿನ ಕಾರ್ಖಾನೇಲಿ ಇಂಜಿನಿಯರು. ಬೊಂಬಾಯಿಯ ಹರಾಜಲ್ಲಿ ಹಿಡಿದು ಅಲ್ಲಿಂದ ಓಡಿಸ್ಕೊಂಡೇ ಬಂದಿದ್ರಂತೆ. ಫಿಯೆಟ್ಟೇ, ಆದ್ರೆ ನಮ್ಮಪ್ಪಾಜಿ ಬಾಡಿಗೆಗೆ ಓಡಿಸ್ತಿದ್ದ ಫಿಯೆಟ್ಟಿನ ಥರ ಅಲ್ಲ. ಎರಡೇ ಬಾಗಿಲು, ತಗ್ಗು ಮೈ, ಉದ್ದ ಮೂತಿ. ಸ್ಪೋರ್ಟ್ಸ್ ಕೂಪೆ ಅಂತ ಹಿಂದೆ ಬರೆದಿದೆ. ನಿಂತಲ್ಲೇ ಹೊರಟ ಹಾಗೆ ಕಾಣುತ್ತೆ. ಸ್ಟೇರಿಂಗ್ ಎಡಗಡೆ.

ಇಪ್ಪತ್ತೆರಡು ವರ್ಷ ನಾನು ಎಡಗಡೆ ಸೀಟಲ್ಲೇ ಕೂತವಳು, ಕಲಿಸೋರ ಸೀಟದು. ಜನವರಿಯಿಂದ ಯಾವ ಕಾರಿನ ಮುಂದುಗಡೆಯೂ ಕೂರೋಕಾಗ್ತಿಲ್ಲ. ಬಾಗಿಲು ತೆಗೆದು ಸೀಟಿನ ಮೇಲೆ ಕೈ ಇಟ್ಟೆ. ಕೂರದೆ ಕೈ ಹಿಂದಕ್ಕೆ ತಗೊಂಡು ಬಾಗಿಲು ಹಾಕಿಬಿಟ್ಟೆ.

"ಗುಜರಿಯವರು ಮೂರು ಜನ ಬಂದಿದ್ರು, ಕೊಡ್ಲಿಲ್ಲ. ನೀವು ಓಡಿಸ್ತೀರಲ್ವಾ ಮೇಡಂ?" ಅಂದರು ಯಜ್ಞನಾರಾಯಣ.

"ಓಡಿಸ್ತೀನಿ" ಅಂದೆ. ಸುಳ್ಳು ಹೇಳೋದು ಈಚೆಗೆ ನನಗೆ ಸಲೀಸಾಗಿದೆ. ಒಳ್ಳೆಯವರು, ಬಸ್‌ಸ್ಟ್ಯಾಂಡಿನವರೆಗೂ ಬಂದು ಬಸ್ಸು ಹತ್ತಿಸಿ ಹೋದರು.

ಆಗಸ್ಟ್ 13, ಬುಧವಾರ

ಗಾಡಿ ಲಾರಿ ಮೇಲೆ ಬಂತು. ಬೀದಿಗೆ ಬೀದಿಯೇ ಹೊರಗೆ. ಎದುರುಮನೆಯವರು, "ಏನ್ ಶಂಕರಮ್ಮನೋರೇ, ದೋಣಿ ತಂದ್ರಾ?" ಅಂದರು. "ಹೂಂ, ತುಂಗೆ ಉಕ್ಕಿದಾಗ ನಿಮ್ಮನ್ನೂ ಹತ್ತಿಸ್ಕೋತೀನಿ" ಅಂದೆ.

ತುಕ್ಕು ನೋಡೋಕೆ ಮಲ್ಲಿಕ್‌ನ ಕರೆಸಿದ್ದು ನಮ್ಮ ಯಜಮಾನರು. ನನ್ನ ಕೇಳಿದ್ರೆ ಬೇಡ ಅಂತಿದ್ದೆ. ಶಿವಮೊಗ್ಗದಲ್ಲಿ ಗಾಡಿ ತಗಡಿನ ಕೆಲಸಕ್ಕೆ ಅವನಂಥವನಿಲ್ಲ, ಅದು ಸರಿ. ಆದ್ರೆ ಜನವರೀಲಿ ರಾಗಿಗುಡ್ಡದ ಹತ್ರ ನಮ್ಮ ಸ್ಕೂಲಿನ ಕಾರು ಗುದ್ದಿದ್ದು ಅವನ ಸ್ಕೂಟರಿಗೇ. ಬಲಗೈ ಮಣಿಕಟ್ಟು ಮುರಿದು ಮೂರು ತಿಂಗಳು ಸುತ್ತಿಗೆ ಮುಟ್ಟದೆ ಕೂತಿದ್ದ. ಅಂಥವನು ಬಂದು ಗಾಡಿ ಸುತ್ತ ಒಂದು ಸುತ್ತು ಹಾಕಿ, ಬೆರಳಲ್ಲಿ ಅಲ್ಲಲ್ಲಿ ತಟ್ಟಿ, "ಅಕ್ಕಾ, ಇದರ ಹೊಟ್ಟೆ ಪೂರ್ತಿ ತಿಂದಿದೆ. ಆದ್ರೆ ಬೆನ್ನು ಗಟ್ಟಿ ಇದೆ. ಮಾಡೋಣ" ಅಂದ. ಹೋಗೋವಾಗ, "ಆ ದನದ ಡಾಕ್ಟರ್ ಹುಡುಗಿ ಹೇಗಿದಾರೆ? ಪಾಪ, ಆವತ್ತು ನನಗಿಂತ ಜಾಸ್ತಿ ಅತ್ತಿದ್ರು" ಅಂತ ಕೇಳಿದ.

ಇಲ್ಲಿ ಬರೀತೀನಿ, ಬೇರೆಲ್ಲೂ ಹೇಳಿಲ್ಲ. ಆವತ್ತು ಸ್ಟೇರಿಂಗ್ ಹಿಡಿದಿದ್ದವಳು ಲಿಖಿತಾ, ಕುಂಸಿಯ ಹುಡುಗಿ. ಹಳ್ಳಿ ಹಳ್ಳಿ ತಿರುಗಿ ದನ ನೋಡೋ ಕೆಲಸ, ಅದಕ್ಕೇ ಕಾರು ಕಲಿಯೋಕೆ ಬಂದಿದ್ಲು. ತಿರುವಿನಲ್ಲಿ ನಿಲ್ಲಿಸಿ "ಹೋಗ್ಲಾ ಮೇಡಂ?" ಅಂದಳು. ನಾನು ಫೋನಲ್ಲಿ ಯಾರದೋ ಮೆಸೇಜು ಓದ್ತಾ "ಹೂಂ" ಅಂದೆ. ರಸ್ತೆ ನೋಡಲೇ ಇಲ್ಲ. ನನ್ನ ಕಾಲ ಕೆಳಗೂ ಒಂದು ಬ್ರೇಕ್ ಇತ್ತು, ಒತ್ತಲಿಲ್ಲ. ಜನ ಸೇರಿದಾಗ ನನ್ನ ಬಾಯಲ್ಲಿ ಬಂದದ್ದು, "ನಾನು ಬೇಡ ಅಂದೆ, ಇವಳು ತಿರುಗಿಸಿಬಿಟ್ಲು." ಒಂದು ಸಲ ಬಾಯಿಂದ ಬಿತ್ತು, ಆಮೇಲೆ ಅದನ್ನೇ ಪೊಲೀಸರಿಗೂ ಹೇಳಿದೆ, ಇವರಿಗೂ ಹೇಳಿದೆ, ಅವಳ ಅಮ್ಮನಿಗೂ ಹೇಳಿದೆ. ಅವಳು ಎದುರಾಡಲಿಲ್ಲ. "ಗಾಬರೀಲಿ ಸರಿಯಾಗಿ ಕೇಳಿಸ್ಲಿಲ್ಲ ಅನ್ಸುತ್ತೆ" ಅಂದಳು.

ರಾಜಿಯಾಯ್ತು, ಕೇಸು ಮುಗೀತು. ನಾನು ಸ್ಕೂಲು ಮುಚ್ಚಿದೆ. ಅವಳು ಕಾರು ಮುಟ್ಟೋದು ಬಿಟ್ಟಳು.

ಆಗಸ್ಟ್ 31, ಭಾನುವಾರ

ಮಲ್ಲಿಕ್ ಹದಿನೈದು ದಿನದಿಂದ ನಮ್ಮ ಶೆಡ್ಡಿನಲ್ಲೇ. ಬಾಗಿಲ ಕೆಳಗಿನ ತುಕ್ಕೆಲ್ಲ ಕತ್ತರಿಸಿ ಹೊಸ ತಗಡು ಕೂರಿಸ್ತಿದ್ದಾನೆ. ಬೆಸುಗೆ ಹಾಕಿದ ಜಾಗ ಯಾವುದು ಅಂತ ನನ್ನ ಬೆರಳಿಗೂ ಗೊತ್ತಾಗ್ಲಿಲ್ಲ. ಮಳೆ ಹಿಡಿದ ದಿನ ಮಣಿಕಟ್ಟು ನೋಯುತ್ತಂತೆ, ಆಗ ಎಡಗೈಯಲ್ಲಿ ಹೊಡೀತಾನೆ. ಅದನ್ನ ನೋಡ್ತಾ ಕೂರೋದು ನನ್ನ ಪಾಲಿನ ಶಿಕ್ಷೆ ಅಂತ ಇಟ್ಕೋ. ಟೀ ಮಾಡಿಕೊಟ್ಟೆ, ಮಂಡಕ್ಕಿ ಮಾಡಿಕೊಟ್ಟೆ, ಸಾಲದು ಅಂತ ರೊಟ್ಟಿ ಬುತ್ತಿ ಕಟ್ಟಿಕೊಟ್ಟೆ. "ಅಕ್ಕಾ, ನಾನು ಹಿಂಗೆ ತಿಂದ್ರೆ ಗಾಡಿ ಕೆಳಗೆ ನುಗ್ಗೋಕಾಗಲ್ಲ" ಅಂದ. ಅವನ ಹೊಟ್ಟೆ ತಣ್ಣಗಿರ್ಲಿ.

ಇವರು ವೈರಿಂಗ್ ನೋಡ್ತಿದ್ದಾರೆ. ಮೂವತ್ತೈದು ವರ್ಷ ಕರೆಂಟು ಕಂಬ ಹತ್ತಿದವರು. "ಹನ್ನೆರಡು ವೋಲ್ಟು ಅಂದ್ರೆ ನಂಗೆ ಅವಮಾನ ಮಾರಾಯ್ತಿ" ಅಂತಾರೆ. ಅನ್ನಲಿ, ಹಾರನ್ನು ಕೂಗಿಸಿದ್ದು ಅವರೇ. ಐದು ದಶಕದ ಗಾಡಿ ಗಂಟಲು ಕೆರ್ಕೊಂಡು ಕೂಗ್ತು, ಎದುರುಮನೆ ನಾಯಿ ಎದ್ದು ಆಚೆ ಹೋಯ್ತು.

ಸೆಪ್ಟೆಂಬರ್ 9, ಮಂಗಳವಾರ

ಎಂಜಿನ್ ನಾನೇ ಬಿಚ್ಚಿದೆ. ಅಪ್ಪಾಜಿ ಪಕ್ಕ ನಿಂತು ಬೋಲ್ಟು ಬಿಚ್ಚೋ ಪಾನಾ ಎತ್ತಿಕೊಡ್ತಾ ಕಲಿತದ್ದು ಕೈ ಮರೆತಿಲ್ಲ. ಒಳಗೆ ಪರವಾಗಿಲ್ಲ, ಪುಣ್ಯ. ಕೆಟ್ಟದ್ದು ಒಂದೇ. ಎಂಜಿನ್‌ಗೆ ನೀರು ಹೋಗೋ ಅಲ್ಯೂಮಿನಿಯಂ ಕೊಳವೆ, ಒಂದು ಗೇಣುದ್ದದ್ದು, ಮುಟ್ಟಿದ್ರೆ ಹಪ್ಪಳದ ಹಾಗೆ ಮುರಿದು ಎರಡಾಯ್ತು. ಅದಿಲ್ಲದೆ ಗಾಡಿ ಇಲ್ಲ. ಅಂಗಡೀಲಿ ಸಿಗೋ ಮಾಲಲ್ಲ.

ಯಜ್ಞನಾರಾಯಣರಿಗೆ ಫೋನ್ ಮಾಡಿದೆ. "ನಮ್ಮಲ್ಲಿ ಜಂಬಣ್ಣ ಅಂತಿದಾರೆ, ಕಾರ್ಖಾನೆಯ ಪ್ಯಾಟ್ರನ್ ಶಾಪಲ್ಲಿದ್ದವರು. ಅವರ ಕೈಲಿ ಆಗದ್ದಿಲ್ಲ" ಅಂದರು. ಬಸ್ಸು ಹತ್ತಿ ಹೋದೆ.

ಎಪ್ಪತ್ತೆಂಟು ವಯಸ್ಸು. ಮನೆ ಮುಂದಿನ ಜಗಲೀಲಿ ಬೆಂಚು, ಅದರ ಮೇಲೆ ಉಳಿ, ಕೀಸುಳಿ, ಮರದ ಹೊಟ್ಟು. ಮೊದಲು ಮರದಲ್ಲಿ ಅಚ್ಚು ಕೆತ್ತಬೇಕು, ಅದನ್ನ ಮರಳಲ್ಲಿ ಒತ್ತಿ ಗುಳಿ ಮಾಡಿ ಕರಗಿದ ಲೋಹ ಹುಯ್ಯಬೇಕು. ಅಚ್ಚು ಇವರದು, ಎರಕ ಮಾಚೇನಹಳ್ಳಿಯ ಶೆಡ್ಡಿನವರದು. ಮುರಿದ ಎರಡು ತುಂಡು ಜೋಡಿಸಿಟ್ಟೆ. ಕನ್ನಡಕ ಮೇಲೆ ಕೆಳಗೆ ಮಾಡಿ ನೋಡಿದರು.

"ಸ್ಕೇಲಿನ ಗೀಟು ನಂಗೀಗ ಸರಿಯಾಗಿ ಕಾಣಲ್ಲ ತಾಯಿ. ನೀವೇ ಅಳೆದು ಬರೀರಿ. ಗೋಡೇಲಿ ನೇತಾಕಿರೋ ಸ್ಕೇಲು ತಗೊಳಿ. ಅಚ್ಚು ಮಾಡುವಾಗ ನಾನು ದೊಡ್ಡದಾಗಿ ತೋರ್ಸೋ ಗಾಜು ಹಿಡ್ಕೋತೀನಿ" ಅಂತ ಹೇಳಿ ಒಳಗೆ ನೀರು ತರೋಕೆ ಹೋದರು. ಅಳೆದು ಚೀಟೀಲಿ ಬರೆದೆ. ಇನ್ನೂರು ಮಿಲಿಮೀಟರು ಉದ್ದ, ಬೋಲ್ಟಿನ ತೂತುಗಳ ಅಂತರವನ್ನೂ ಬರೆದೆ.

ಎಷ್ಟಾಗುತ್ತೆ ಅಂದ್ರೆ, "ಮೊದಲು ಆಗ್ಲಿ ಬಿಡಿ. ಎರಡು ವರ್ಷದಿಂದ ಯಾರೂ ಬಂದಿರ್ಲಿಲ್ಲ ಈ ಬೆಂಚಿಗೆ" ಅಂದರು. ಇಂಥವರು ಇನ್ನೂ ಇದಾರಲ್ಲ ಅಂತ ಬಸ್ಸಲ್ಲಿ ಇಡೀ ದಾರಿ ಅಂದ್ಕೊಂಡು ಬಂದೆ.

ಅಕ್ಟೋಬರ್ 1, ಬುಧವಾರ. ಆಯುಧಪೂಜೆ

ಪ್ರತಿ ವರ್ಷ ಈ ದಿನ ಮನೆ ಮುಂದೆ ಚಪ್ಪಲಿ ಇಡೋಕೆ ಜಾಗ ಇರ್ತಿರ್ಲಿಲ್ಲ. ಕಲಿತು ಹೋದ ಹೆಣ್ಣುಮಕ್ಕಳು ತಮ್ಮ ಗಾಡಿ ತಂದು, ನನ್ನ ಕೈಲಿ ಕುಂಬಳಕಾಯಿ ಒಡೆಸಿ, ಕಾಲಿಗೆ ಬಿದ್ದು ಹೋಗೋರು. ಈ ಸಲ ಐದಾರು ಜನ ಬಂದಿದ್ರು. ನಾನು ಒಳಗೇ ಇದ್ದೆ, ತಲೆನೋವು ಅಂತ ಹೇಳಿಸಿದೆ. ಇವರೇ ಗಾಡಿಗೆ, ಮಲ್ಲಿಕ್‌ನ ಸುತ್ತಿಗೆಗೆ, ತಮ್ಮ ಕಟಿಂಗ್ ಪ್ಲೇಯರಿಗೆ ಕುಂಕುಮ ಹಚ್ಚಿದರು.

ಲಿಖಿತಾ ಮೆಸೇಜ್ ಕಳಿಸಿದಾಳೆ. ಹಾಗೇ ಬರ್ಕೋತೀನಿ. "ಹಬ್ಬದ ನಮಸ್ಕಾರ ಮೇಡಂ. ನನ್ನಿಂದ ನಿಮ್ಮ ಸ್ಕೂಲ್ ಮುಚ್ಚೋ ಹಾಗಾಯ್ತು, ಕ್ಷಮಿಸಿ. ಬಸ್ಸಲ್ಲಿ ಹಳ್ಳಿ ಸುತ್ತೋದು ಆಗ್ತಿಲ್ಲ. ಮೊನ್ನೆ ಲೇಟಾಗಿ ಹೋಗಿ ಒಂದು ಹಸು ಹೋಯ್ತು. ಅಮ್ಮನೂ ಇನ್ನು ಸ್ಟೇರಿಂಗ್ ಮುಟ್ಟಬೇಡ, ನಿನಗೆ ಗಮನ ಇಲ್ಲ ಅಂತಾರೆ. ಶಿವಮೊಗ್ಗದಲ್ಲಿ ಹಾಲು ಪರೀಕ್ಷೆ ಮಾಡೋ ಲ್ಯಾಬಲ್ಲಿ ಕೆಲಸ ಸಿಕ್ಕಿದೆ. ನವೆಂಬರ್ ಹತ್ತರೊಳಗೆ ಒಪ್ಪಿಗೆ ಕೊಡಬೇಕು. ಅದೇ ಒಳ್ಳೇದು ಅನ್ಸುತ್ತೆ."

ಆ ಹುಡುಗಿ ಕ್ಲಾಸಿಗೆ ಬರುವಾಗ ಬ್ಯಾಗಲ್ಲಿ ಬೆಲ್ಲ ಇಟ್ಕೊಂಡಿರ್ತಿದ್ಲು, ದಾರೀಲಿ ಸಿಗೋ ದನಗಳಿಗೆ. ಅವಳು ಲ್ಯಾಬಲ್ಲಿ ಕೂತು ಬಾಟಲಿ ನೋಡ್ತಾಳಂತೆ.

"ಒಳ್ಳೇದಾಗ್ಲಿ" ಅಂತ ಉತ್ತರ ಹಾಕಿದೆ. ಥೂ ನನ್ನ ಜನ್ಮಕ್ಕೆ.

ಅಕ್ಟೋಬರ್ 8, ಬುಧವಾರ

ಎರಕ ಬಂತು. ಬೆಳ್ಳಿ ಸಾಮಾನಿನ ಥರ ಹೊಳೀತಿತ್ತು. ಒಂದು ತುದಿ ಕೂತು ಬೋಲ್ಟೂ ಹೋಯ್ತು. ಇನ್ನೊಂದು ತುದಿ ಸುತರಾಂ ಇಲ್ಲ. ತೂತಿಗೆ ತೂತು ಸೇರ್ತಿಲ್ಲ. ಎರಡೂವರೆ ಮಿಲಿಮೀಟರು ಗಿಡ್ಡ.

ಸಿಟ್ಟು ನೆತ್ತಿಗೇರ್ತು. ಜಂಬಣ್ಣನವರಿಗೆ ಫೋನ್ ಮಾಡಿ, "ಏನ್ರೀ ಯಜಮಾನ್ರೇ, ಕಣ್ಣು ಕಾಣದಿದ್ರೆ ಕೆಲಸ ಯಾಕೆ ಒಪ್ಕೊಂಡ್ರಿ" ಅಂದೇಬಿಟ್ಟೆ. ಆಚೆಯಿಂದ ಉಳಿ ಕೆಳಗಿಟ್ಟ ಸದ್ದು ಬಂತು. ಆಮೇಲೆ, "ತಪ್ಪಾಯ್ತು ತಾಯಿ. ಗಾಜು ಹಿಡ್ಕೊಂಡೇ ಮಾಡಿದ್ದೆ. ನಲವತ್ತು ವರ್ಷದಲ್ಲಿ ಒಂದೂ ಎರಕ ವಾಪಸ್ ಬಂದಿರ್ಲಿಲ್ಲ. ಇನ್ನು ಸಾಕು, ಬೆಂಚು ಎತ್ತಿ ಹಾಕ್ತೀನಿ" ಅಂದರು. ಜೋರಾಗಿ ಬೈದಿದ್ರೆ ನನಗೂ ಸಮಾಧಾನವಾಗ್ತಿತ್ತು.

ಅಕ್ಟೋಬರ್ 10, ಶುಕ್ರವಾರ

ಮಲ್ಲಿಕ್ ಮಧ್ಯಾಹ್ನ ನಮಾಜು ಮುಗಿಸಿ ಬಂದು, ಮುರಿದ ಹಳೇ ತುಂಡುಗಳನ್ನ ಜೋಡಿಸಿ ತನ್ನ ಟೇಪು ಹಿಡಿದ.

"ಅಕ್ಕಾ, ನಿಮ್ಮ ಚೀಟೀಲಿ ಎಷ್ಟಿದೆ?"

"ಇನ್ನೂರು."

"ಇದು ಇನ್ನೂರ ಎರಡೂವರೆ ಬರ್ತಿದೆ."

ಅವನ ಟೇಪಿಗೆ ಬೈದೆ. ಇವರ ಟೇಪು ತಂದೆ. ಅದರಲ್ಲೂ ಅಷ್ಟೇ. ನನ್ನ ಹೊಲಿಗೆ ಪೆಟ್ಟಿಗೆಯ ಸ್ಕೇಲಲ್ಲೂ ಅಷ್ಟೇ. ಚೀಟಿ ನನ್ನ ಅಕ್ಷರ. ಆದ್ರೆ ಅಳೆಯೋವಾಗ ನಾನು ಕಣ್ಣಿಟ್ಟೇ ನೋಡಿದ್ದೆ, ಅದಂತೂ ನಿಜ. ಏನಾಯ್ತು ಅಂತ ತಿಳೀತಿಲ್ಲ. ನಾಳೆ ಬೆಳಿಗ್ಗೆ ಮೊದಲ ಬಸ್ಸಿಗೆ ಹೋಗ್ತೀನಿ.

ಅಕ್ಟೋಬರ್ 11, ಶನಿವಾರ

ಜಗಲಿ ಖಾಲಿ ಇತ್ತು. ಬೆಂಚು ಹಿತ್ತಲ ಸೌದೆ ಮನೇಲಿ ಮಗುಚಿ ಹಾಕಿತ್ತು. ಉಳಿಗಳನ್ನೆಲ್ಲ ಗೋಣಿಚೀಲದಲ್ಲಿ ಕಟ್ಟಿ ಇಟ್ಟಿದ್ರು, ಯಾರೋ ಬಡಗಿಗೆ ಕೊಡೋಕೆ. ನನ್ನ ನೋಡಿ ಎದ್ದು ಕುರ್ಚಿ ಹಾಕಿದರು. ನಾನು ಅಷ್ಟು ಮಾತಾಡಿದ ಮೇಲೂ.

ಚೀಟಿ ತೋರಿಸಿ ಹೇಳಿದೆ. ಕೇಳಿದ್ದು ಒಂದೇ ಪ್ರಶ್ನೆ. "ಯಾವ ಸ್ಕೇಲಲ್ಲಿ ಅಳೆದ್ರಿ?"

ಗೋಡೇದು ಅಂತ ಹೇಳೋಕೆ ಬಾಯಿ ತೆರೆದೆ. ಆಗ ನೆನಪಾಯ್ತು. ಗೋಡೇದು ಮೇಲಿತ್ತು, ಎದ್ದು ಹೋಗೋಕೆ ಸೋಮಾರಿತನ. ಬೆಂಚಿನ ಮೇಲೊಂದು ಉಕ್ಕಿನ ಸ್ಕೇಲು ಕೈಗೆ ಸಿಗ್ತಿತ್ತು, ಅದನ್ನೇ ಹಿಡಿದಿದ್ದೆ.

ಜಂಬಣ್ಣನವರು ಗೋಣಿಚೀಲ ಬಿಚ್ಚಿ ಎರಡು ಸ್ಕೇಲು ತೆಗೆದು ಪಕ್ಕ ಪಕ್ಕ ಹಿಡಿದರು. ಈ ತುದಿ ಸರಿಯಾಗಿ ಜೋಡಿಸಿದ್ರೆ ಆ ತುದಿ ಸೇರ್ತಿಲ್ಲ. ಬೆಂಚಿನ ಸ್ಕೇಲಿನ ಮುನ್ನೂರು, ಗೋಡೆಯ ಸ್ಕೇಲಿನ ಮುನ್ನೂರಕ್ಕಿಂತ ನಾಲ್ಕು ಗೀಟು ಆಚೆ ಇದೆ. ಕರಗಿದ ಲೋಹ ಆರಿದ ಮೇಲೆ ಕುಗ್ಗುತ್ತೆ. ಅದಕ್ಕೆ ಅಚ್ಚು ಮಾಡೋರು ಎಷ್ಟು ಕುಗ್ಗುತ್ತೋ ಅಷ್ಟು ಉದ್ದವಾಗಿ ಗೀಟು ಹಾಕಿರೋ ಸ್ಕೇಲೇ ಇಟ್ಕೋತಾರಂತೆ. ಅದು ಅಚ್ಚಿಗೆ ಮಾತ್ರ. ಬೇರೆ ಯಾವುದನ್ನ ಅದರಲ್ಲಿ ಅಳೆದ್ರೂ ಲೆಕ್ಕ ಕಮ್ಮಿ ಬರುತ್ತೆ. ನಾನು ಕಮ್ಮಿ ಬರೆದುಕೊಟ್ಟೆ, ಅವರು ಬರೆದುಕೊಟ್ಟಷ್ಟೇ ಮಾಡಿದ್ರು. ಗಾಜು ಹಿಡ್ಕೊಂಡು, ಒಂದು ಕೂದಲೂ ಆಚೀಚೆ ಆಗದ ಹಾಗೆ.

"ಹಾಗಾದ್ರೆ ನನ್ನ ಕಣ್ಣು ಇನ್ನೂ ಇದೆ" ಅಂದರು. ನಕ್ಕರು. ಆಮೇಲೆ, "ಆ ಸ್ಕೇಲು ಬೆಂಚಿನ ಮೇಲೆ ಬಿಟ್ಟು ಒಳಗೆ ಹೋಗಿದ್ದು ನನ್ನದೂ ತಪ್ಪು ತಾಯಿ. ನಮ್ಮ ಶಾಪಲ್ಲಾಗಿದ್ರೆ ಬೈಸ್ಕೋತಿದ್ದೆ" ಅಂದರು.

"ನಿಮ್ಮದೇನಿಲ್ಲ. ನೀವು ಹೇಳಿದ್ರಿ, ನಾನು ಕೇಳ್ಲಿಲ್ಲ. ಪೂರ್ತಿ ನನ್ನದೇ" ಅಂದೆ. ಈ ಮಾತು ಇಷ್ಟು ಸಣ್ಣದು ಅಂತ ಗೊತ್ತಿರ್ಲಿಲ್ಲ. ಹೇಳಿ ಮುಗಿಸೋಕೆ ಒಂದು ಉಸಿರು ಸಾಕು.

ಪಕ್ಕದ ಮನೆಯವರನ್ನ ಕರೆದು, ನಾನೂ ಒಂದು ಕಾಲು ಹಿಡಿದು, ಬೆಂಚನ್ನ ವಾಪಸ್ ಜಗಲಿಗೆ ತಂದಿಟ್ಟೆವು. ಉಳಿಗಳನ್ನ ಒಂದೊಂದಾಗಿ ಒರೆಸಿ ಅವುಗಳ ಜಾಗಕ್ಕೆ ಅವರೇ ಇಟ್ಟರು. ನೋಡ್ತಾ ಕೂತೆ. ನಾನು ಇವತ್ತು ಬರದೇ ಇದ್ದಿದ್ರೆ ಆ ಚೀಲ ಹೋಗಿಬಿಡ್ತಿತ್ತು. ಮಲ್ಲಿಕ್ ಟೇಪು ಹಿಡಿದದ್ದಕ್ಕೆ ಎಷ್ಟು ಸಲ ಕೈ ಮುಗಿದ್ರೂ ಸಾಲದು.

ಅಕ್ಟೋಬರ್ 14, ಮಂಗಳವಾರ

ಮಲ್ಲಿಕ್‌ಗೆ ಹೇಳಿದೆ. ಇವರೂ ಅಲ್ಲೇ ಇದ್ದರು, ದೀಪದ ವೈರು ಹಿಡ್ಕೊಂಡು. ಯೋಚನೆ ಮಾಡಿ ಹೇಳಿದ್ದಲ್ಲ. ಬಾನೆಟ್ಟಿನ ಮೇಲೆ ಉಪ್ಪುಕಾಗದ ಉಜ್ತಾ ಇದ್ದ, ಮಣಿಕಟ್ಟು ಹಿಡ್ಕೊಂಡು ಒಂದು ಗಳಿಗೆ ನಿಂತ. ಅಷ್ಟು ಸಾಕಾಯ್ತು.

"ಮಲ್ಲಿಕ್, ಆವತ್ತು ಆ ಹುಡುಗಿ ನನ್ನ ಕೇಳೇ ತಿರುಗಿಸಿದ್ದು. ನಾನು ಫೋನ್ ನೋಡ್ತಾ ಹೋಗು ಅಂದೆ. ಬೇಡ ಅಂದೆ ಅಂತ ಸುಳ್ಳು ಹೇಳಿದೆ."

ಅವನು ಉಪ್ಪುಕಾಗದ ಕೆಳಗಿಟ್ಟು ಆಚೆ ಹೋದ. ಮುಗೀತು, ಇನ್ನು ಬರಲ್ಲ ಅಂದ್ಕೊಂಡೆ. ನಲ್ಲಿ ಹತ್ರ ಮುಖ ತೊಳೆದು ಬಂದ.

"ಸಿಟ್ಟು ಬಂದಿದೆ ಅಕ್ಕಾ. ಬಂದಿಲ್ಲ ಅಂದ್ರೆ ಸುಳ್ಳಾಗುತ್ತೆ. ಆದ್ರೆ ನನ್ನ ಕೈ ಕೂಡ್ಕೊಂಡಿದೆ. ಮೊದಲು ಆ ಹುಡುಗಿಗೆ ಹೇಳಿ. ಅಲ್ಲೀತನಕ ನಿಮ್ಮನೆ ಟೀ ಬೇಡ ನನಗೆ" ಅಂದ. ಸಂಜೆವರೆಗೂ ಕೆಲಸ ಮಾಡಿದ, ನೀರು ಕೂಡ ಮುಟ್ಟಲಿಲ್ಲ.

ಇವರು ಊಟಕ್ಕೆ ಕೂತಾಗ ಬಾಯಿ ಬಿಟ್ಟರು. "ನಾನು ಆ ಹುಡುಗಿ ಬಗ್ಗೆ ಊರೆಲ್ಲ ಹೇಳ್ಕೊಂಡು ಬಂದಿದೀನಲ್ಲೇ." ಅಷ್ಟೇ. ತಟ್ಟೆ ತಾವೇ ತೊಳೆದಿಟ್ಟು ಹೋದರು.

ಅಕ್ಟೋಬರ್ 16, ಗುರುವಾರ

ಕುಂಸಿಗೆ ಹೋಗಿದ್ದೆ. ಲಿಖಿತಾ ಪಶು ಆಸ್ಪತ್ರೆ ಹಿಂದೆ ಒಂದು ಎಮ್ಮೆಗೆ ಇಂಜೆಕ್ಷನ್ ಕೊಟ್ಟು ಕೈ ತೊಳೀತಿದ್ಲು. "ಅಯ್ಯೋ ಮೇಡಂ, ನೀವು ಇಲ್ಲೀತನಕ" ಅಂತ ಓಡಿ ಬಂದಳು. ತೆಳ್ಳಗಾಗಿದ್ದಾಳೆ. ಕೂರೋ ಮೊದಲೇ ಹೇಳಿದೆ. ಅವಳು ಕೇಳಿದ್ದು, ನಾನು ಹೂಂ ಅಂದದ್ದು, ಆಮೇಲೆ ಜನರ ಮುಂದೆ ಅಂದದ್ದು, ಒಂದೂ ಬಿಡಲಿಲ್ಲ.

ಅವಳು ಟವೆಲಲ್ಲಿ ಕೈ ಒರೆಸ್ತಾನೇ ಇದ್ದಳು, ಒಣಗಿದ ಮೇಲೂ.

"ಹಾಗಾದ್ರೆ ನನಗೆ ಸರಿಯಾಗೇ ಕೇಳಿಸಿತ್ತು" ಅಂದಳು.

"ಹೂಂ ಮಗಾ."

"ಒಂಬತ್ತು ತಿಂಗಳು ಮೇಡಂ. ದನ ಏನು ತಿಂತು ಅಂತ ಯಾರಾದ್ರೂ ಹೇಳಿದ್ರೂ ಎರಡೆರಡು ಸಲ ಕೇಳ್ತೀನಿ. ನನ್ನ ಕಿವಿನೇ ನಾನು ನಂಬ್ತಿರ್ಲಿಲ್ಲ."

ಕ್ಷಮಿಸು ಅನ್ನೋಕೆ ಬಾಯಿ ಬರಲಿಲ್ಲ. ಕೇಳೋ ಹಕ್ಕು ನನಗೆಲ್ಲಿದೆ. "ಕೆಲಸ ಬಿಡಬೇಡ" ಅಂದೆ.

"ಅದನ್ನ ನೀವು ಹೇಳಬೇಡಿ. ಈಗ ಹೋಗಿ ಮೇಡಂ" ಅಂದಳು. ಬಂದೆ.

ಅಕ್ಟೋಬರ್ 17, ಶುಕ್ರವಾರ

ಮಲ್ಲಿಕ್ ಟೀ ಕುಡಿದ.

ನವೆಂಬರ್ 2, ಭಾನುವಾರ

ಜಂಬಣ್ಣನವರ ಎರಡನೇ ಕೊಳವೆ ತಾನಾಗಿ ಹೋಗಿ ಕೂತ್ಕೊಳ್ತು. ಅವರೇ ಬಸ್ಸಲ್ಲಿ ತಂದಿದ್ದರು, ಕಣ್ಣಾರೆ ನೋಡಬೇಕು ಅಂತ. ಬೋಲ್ಟು ಬಿಗಿ ಮಾಡೋಕೆ ಅವರಿಗೇ ಪಾನಾ ಕೊಟ್ಟೆ. ನೀರು ತುಂಬಿಸಿದೆವು, ಪುಣೆಯಿಂದ ತರಿಸಿದ ಬೆಲ್ಟು ಹಾಕಿದ್ದೆ, ಬಾಗಿಲ ಹೊರಗೆ ನಿಂತೇ ಕೀ ತಿರುಗಿಸಿದೆ. ಮೂರು ಸಲ ಕೆಮ್ಮಿ ನಾಲ್ಕನೇದಕ್ಕೆ ಹಿಡ್ಕೊಳ್ತು. ಒಳ್ಳೇ ಗಂಟಲು. ಅಪ್ಪಾಜಿ ಇರಬೇಕಿತ್ತು. ಜಂಬಣ್ಣನವರು ಕೊಳವೆ ಮೇಲೆ ಅಂಗೈ ಇಟ್ಟು, "ಸೋರ್ತಿಲ್ಲ, ಸೋರ್ತಿಲ್ಲ" ಅಂತ ಅಂದಿದ್ದನ್ನೇ ಅಂದರು. ಇವರು ಕಣ್ಣು ಒರೆಸ್ಕೊಂಡು ಹೊಗೆ ಅಂದರು.

ಬಣ್ಣ ಇನ್ನೂ ಆಗಿಲ್ಲ. ಬೂದಿ ಬಣ್ಣದ ಪ್ರೈಮರ್ ಅಷ್ಟೇ. ಮಲ್ಲಿಕ್ ಇಬ್ಬನಿ ಕಮ್ಮಿಯಾಗ್ಲಿ ಅಂತಾನೆ. ಆರ್.ಟಿ.ಓ. ಪೇಪರು ಇವರು ಓಡಾಡಿ ಮಾಡಿಸಿದರು. ಇಷ್ಟು ಜನ ನನ್ನ ಶೆಡ್ಡಿನಲ್ಲಿ ನಿಂತು ನಗ್ತಿದ್ರು ಇವತ್ತು. ನನಗೆ ಯಾವ ಜನ್ಮದ ಪುಣ್ಯವೋ.

ಕುಂಸಿಯಿಂದ ಏನೂ ಸುದ್ದಿ ಇಲ್ಲ. ಹತ್ತನೇ ತಾರೀಕಿಗೆ ಎಂಟು ದಿನ.

ನವೆಂಬರ್ 6, ಗುರುವಾರ

ಲಿಖಿತಾ ಫೋನ್ ಮಾಡಿದ್ಲು. "ಭಾನುವಾರ ಮನೆಗೆ ಬನ್ನಿ. ನನಗೆ ಹೇಳಿದ್ದನ್ನ ಅಮ್ಮನ ಮುಂದೆ ಹೇಳಿ. ನಾನು ಹೇಳಿದ್ರೆ ತಪ್ಪು ಮುಚ್ಕೊಳ್ಳೋಕೆ ಹೇಳ್ತಿದೀನಿ ಅಂತಾರೆ." ಇಟ್ಟಳು. ಊಟ ಆಯ್ತಾ ಅಂತಲೂ ಕೇಳಲಿಲ್ಲ, ನಾನೂ ಕೇಳಲಿಲ್ಲ.

ನವೆಂಬರ್ 9, ಭಾನುವಾರ

ಬಸ್ಸಿಗೆ ಕಾಯ್ತಾ ನಿಂತ್ರೆ ಮನಸ್ಸು ಜಾರುತ್ತೆ ಅಂತ ಗಾಡೀನೇ ತೆಗೆದೆ. ಜನವರಿಯಿಂದ ಈಚೆಗೆ ಮುಂದಿನ ಸೀಟಲ್ಲಿ ಕೂತದ್ದು ಇವತ್ತೇ. ಇವರೂ ಬಂದರು. ಎಡಗಡೆ ಕೂತ್ರೆ ಮುಂದಿನ ಲಾರಿಯ ಆಚೆ ಏನಿದೆ ಅಂತ ಕಾಣೋದಿಲ್ಲ. ಇವರು ಬಲಗಡೆ ಕಿಟಕಿಯಿಂದ ತಲೆ ಹಾಕಿ "ಬಾ... ಬಾ... ನಿಲ್ಲು ನಿಲ್ಲು" ಅಂತ, ಕಂಬದ ಮೇಲಿರೋ ಹೆಲ್ಪರಿಗೆ ಕೂಗೋ ಹಾಗೆ ಕೂಗ್ತಿದ್ರು. ಮೂರನೇ ಗೇರು ಸ್ವಲ್ಪ ಗಡಸು, ಮಲ್ಲಿಕ್‌ಗೆ ಹೇಳಬೇಕು. ಎಂಜಿನ್ ಬಿಸಿಯೇರಲಿಲ್ಲ, ಒಂದು ತೊಟ್ಟೂ ನೀರು ಸೋರಲಿಲ್ಲ. ಜಂಬಣ್ಣನವರನ್ನ ದೇವರು ಚೆನ್ನಾಗಿಟ್ಟಿರಲಿ.

ಇವರನ್ನ ರಸ್ತೆ ಬದಿ ಹೋಟೆಲಿನ ಹತ್ರ ಇಳಿಸಿ ನಾನೊಬ್ಬಳೇ ಅವರ ಮನೆಗೆ ಹೋದೆ. ಅವಳ ಅಮ್ಮ ಪುಷ್ಪಮ್ಮ ಅಂಗಳದಲ್ಲಿ ಮೆಣಸಿನಕಾಯಿ ಹರವ್ತಿದ್ರು. "ಬನ್ನಿ ಬನ್ನಿ ಮೇಡಂ, ನಿಮಗೆ ಮುಖ ತೋರ್ಸೋಕೆ ನಮಗೇ ನಾಚಿಕೆ. ಇವಳಿಂದ ನಿಮಗೆಷ್ಟು ಕಷ್ಟ. ಕೂತ್ಕೊಳಿ, ಕಾಫಿ ತರ್ತೀನಿ" ಅಂತ ಎದ್ದರು. ಲಿಖಿತಾ ಬಾಗಿಲಿಗೆ ಒರಗಿ ನಿಂತಿದ್ಲು. ನನ್ನ ಕಡೆ ನೋಡಲಿಲ್ಲ.

ಆ ಮನೆಯ ಕಾಫಿ ಕುಡಿದ ಮೇಲೆ ಹೇಳೋದಲ್ಲ ಇದು. "ಕಾಫಿ ಆಮೇಲೆ ಪುಷ್ಪಮ್ಮನೋರೇ, ಮೊದಲು ಕೇಳಿ" ಅಂತ ನಿಂತ್ಕೊಂಡೇ ಹೇಳಿದೆ. ಪುಷ್ಪಮ್ಮ ಕೈಯಲ್ಲಿದ್ದ ಮೆಣಸಿನಕಾಯಿ ಹಾಗೇ ಹಿಡ್ಕೊಂಡು ಕೇಳಿದರು. ಮುಗಿದ ಮೇಲೆ ಅದನ್ನ ಕೆಳಗಿಟ್ಟರು. ಮಗಳ ಮುಖ ಒಂದು ಸಲ ನೋಡಿ ಒಳಗೆ ಹೋದರು.

ನಾವಿಬ್ಬರೇ ಉಳಿದೆವು. ಅವಳು ಮೂಲೆಯಲ್ಲಿ ಕಟ್ಟಿದ್ದ ಕರುವಿನ ಹತ್ರ ಹೋಗಿ ಕುತ್ತಿಗೆ ಕೆರೀತಾ ನಿಂತಳು. ಒಳಗೆ ಪಾತ್ರೆ ಸದ್ದು. ಬಹಳ ಹೊತ್ತಾಯ್ತು. ಹೊರಡಲಾ ಅಂದ್ಕೊಂಡೆ, ಹೇಳದೆ ಹೊರಡೋದು ಹೇಗೆ.

ಪುಷ್ಪಮ್ಮ ತಟ್ಟೇಲಿ ಎರಡು ಲೋಟ ಇಟ್ಕೊಂಡು ಬಂದರು. ಕಣ್ಣು ಕೆಂಪಗಿತ್ತು. ಆಮೇಲೆ ಅವರು ಮಾಡಿದ್ದನ್ನ ನಮ್ಮ ಕಡೆ ಯಾರ ಮನೇಲೂ ಮಾಡಲ್ಲ. ಶತ್ರು ಬಂದ್ರೂ ಮೊದಲ ಲೋಟ ಬಂದವರಿಗೇ. ಅವರು ನನ್ನ ಮುಂದೆ ಹಾದು ಹೋಗಿ ಅಂಗಳದ ಮೂಲೇಲಿ ನಿಂತಿದ್ದ ಮಗಳಿಗೆ ಮೊದಲ ಲೋಟ ಕೊಟ್ಟರು.

"ತಗೋ ಮಗಾ" ಅಂದರು. ಎರಡು ಕೈಯಲ್ಲಿ ಕೊಟ್ಟರು.

ಲಿಖಿತಾ ಎರಡು ಕೈಯಲ್ಲೇ ಇಸ್ಕೊಂಡಳು. ಆಮೇಲೆ ಒಂದು ಗುಟುಕು ಕುಡಿದು, "ನಾನು ಲ್ಯಾಬಿಗೆ ಹೋಗಲ್ಲಮ್ಮ" ಅಂದಳು. "ಹೋಗಬೇಡ" ಅಂದರು ಪುಷ್ಪಮ್ಮ.

ಎರಡನೇ ಲೋಟ ನನಗೆ ತಂದುಕೊಟ್ಟರು. ಸಕ್ಕರೆ ಸಾಕಾ ಅಂತ ಕೇಳಲಿಲ್ಲ. ಆರಿಹೋಗಿತ್ತು. ಕೊಟ್ಟರಲ್ಲ, ಪೂರ್ತಿ ಕುಡಿದೆ.